ಕಂಬದಣ್ಣ ಮುಟ್ಟಿದ ಮೇಲೆ

"ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳಿಬಿಡು. ಸುತ್ತಿ ಬಳಸಿ ಮಾತಾಡಬೇಡ."

"ನಂಬಿಕೆ ಇಲ್ಲ ಅಂತ ನಾನೆಲ್ಲಿ ಹೇಳ್ದೆ ಅಣ್ಣ? ಒಂದು ವಾರ ತಡಿ ಅಂದೆ ಅಷ್ಟೆ."

"ಹೋದ ವಾರನೂ ಇದೇ ರಾಗ. ಸ್ಕೀಮು ನಿನ್ನ ಬಾಗಿಲಲ್ಲಿ ಚಾಪೆ ಹಾಸ್ಕೊಂಡು ಮಲಗಿರುತ್ತಾ? ನಾಳೆ ಮುಚ್ಚುತ್ತೆ. ನಾಳೆ ಅಂದ್ರೆ ನಾಳೆ."

"ಮುಚ್ಚಿದ್ರೆ ಮುಚ್ಚಲಿ. ನನಗೆ ಯಾಕೋ ಭಯ."

"ಭಯವಂತೆ. ನಾನೇನು ನಿನ್ನ ಕತ್ತು ಕುಯ್ಯೋಕೆ ಬಂದಿದೀನಾ?"

ಅಣ್ಣ ಕೈಯಲ್ಲಿದ್ದ ಟೀ ಲೋಟವನ್ನು ಹೊಲಿಗೆ ಮೆಷೀನಿನ ಹಲಗೆಯ ಮೇಲೆ ಕುಕ್ಕಿದ. ಟೀ ಚೆಲ್ಲಿ, ಅರ್ಧ ಹೊಲಿದಿದ್ದ ಯೂನಿಫಾರಂ ಅಂಗಿಯ ತೋಳಿಗೆ ಹರಿಯಿತು. ತಂಗಿ ಅಂಗಿಯನ್ನು ಎಳೆದುಕೊಂಡು ಚಿಂದಿ ಬಟ್ಟೆಯಿಂದ ಒತ್ತತೊಡಗಿದಳು.

ಬಾಗಿಲಿಗೆ ಒರಗಿ ನಿಂತಿದ್ದ ಅತ್ತಿಗೆ ಬಾಯಿ ಹಾಕಿದಳು. "ಬಿಡಿ ಅತ್ಲಾಗೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ನಮ್ಮ ಹತ್ರ ಅಷ್ಟು ದುಡ್ಡು ಒಟ್ಟಿಗೆ ಇದ್ದಿದ್ರೆ ಇಷ್ಟೊತ್ತಿಗೆ ಮನೆ ಮೇಲೆ ಮನೆ ಎಬ್ಬಿಸ್ತಿದ್ವಿ. ಇವರು ಬ್ಯಾಂಕಲ್ಲಿಟ್ಟು ಕಾವು ಕೊಡ್ತಾ ಕೂರ್ಲಿ. ಮರಿ ಆದ್ರೆ ನೋಡೋಣ."

"ಅದು ಎಂಥ ದುಡ್ಡು ಅಂತ ಗೊತ್ತಿದ್ದೂ ಹೀಗೆ ಮಾತಾಡ್ತೀರಲ್ಲ ಅತ್ತಿಗೆ."

ಅತ್ತಿಗೆ ಸೆರಗು ಸರಿಮಾಡಿಕೊಂಡು ಬೀದಿಯ ಕಡೆ ತಿರುಗಿದಳು.

ಎಂಥ ದುಡ್ಡೆಂದರೆ, ಅದು ಅವಳ ಗಂಡನ ಜೀವದ ಬೆಲೆ. ಗಂಡ ಅಣ್ಣನ ಕೈಕೆಳಗೇ ವಿದ್ಯುತ್ ಲೈನಿನ ಕೆಲಸ ಮಾಡುತ್ತಿದ್ದವನು. ಹೋದ ವರ್ಷ ಕಂಬದ ಮೇಲೆಯೇ ಸತ್ತ. ಅಲೆದಲೆದು ಚಪ್ಪಲಿ ಸವೆದ ಮೇಲೆ ಪರಿಹಾರದ ಹಣ ಬಂತು. ಅದು ಬಿಟ್ಟರೆ ಅವಳಿಗೂ ಓದುತ್ತಿರುವ ಮಗಳಿಗೂ ಇರುವುದು ಒಂದು ಹೊಲಿಗೆ ಮೆಷೀನು, ಬಾಡಿಗೆಯ ಎರಡು ಕೋಣೆ. ಆ ಹಣವನ್ನು ನಾಳೆ ಅಣ್ಣ ಹೇಳಿದ ಸ್ಕೀಮಿಗೆ ಹಾಕಬೇಕು. ಪೂರ್ತಿ.

ಅಣ್ಣನ ದನಿ ಇಳಿಯಿತು. "ನಿನ್ನ ಒಳ್ಳೇದಕ್ಕೆ ತಾನೆ ಬಡ್ಕೊಳ್ತಿರೋದು. ಅವನಿಲ್ಲ. ನಾನು ಏನಾದ್ರೂ ಮಾಡ್ಬೇಕಲ್ಲ. ತಿಂಗಳು ತಿಂಗಳು ಕೈತುಂಬ ಬಂದ್ರೆ ಈ ಮೆಷೀನು ತುಳಿಯೋದು ತಪ್ಪುತ್ತೆ ನಿನಗೆ. ನಾಳೆ ಮಧ್ಯಾಹ್ನ ಆ ಸ್ಕೀಮಿನ ಜೇನು ಸಾರ್‌ನ ಕರ್ಕೊಂಡು ಬರ್ತೀನಿ. ದುಡ್ಡು ತೆಗೆದಿಟ್ಟಿರು. ಚೆಕ್ ಬೇಡ, ನಗದು."

ಅವನು ಅವಳ ಮುಖ ನೋಡದೆ, ಗೋಡೆ ನೋಡುತ್ತ ಹೇಳಿದ. ಗಂಡ ಸತ್ತ ದಿನದಿಂದ ಅಣ್ಣ ಅವಳ ಮುಖ ನೇರವಾಗಿ ನೋಡಿದ್ದೇ ಇಲ್ಲ.

"ಆಯ್ತು," ಎಂದಳು ತಂಗಿ.

ಈ ಅಣ್ಣನ ವಿಷಯ ಸ್ವಲ್ಪ ಹೇಳಬೇಕು. ಆಳು ಉದ್ದ, ಕೆಲಸವೂ ಕಂಬದ್ದೇ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕಂಬದಣ್ಣ. ಲೈನ್ ಎಳೆಯುವ ಗ್ಯಾಂಗಿಗೆ ಮೇಸ್ತ್ರಿ. ತಂತಿ ಮುಟ್ಟುವ ಮೊದಲು ಏನು ಮಾಡಬೇಕೆಂದು ನಿಯಮವಿದೆ. ಸ್ವಿಚ್ ಎಳೆದು ಕರೆಂಟ್ ತೆಗೆಯಬೇಕು, ಟೆಸ್ಟರ್ ಹಿಡಿದು ನೋಡಬೇಕು, ಆಮೇಲೆ ತಂತಿಗೆ ಸರಪಳಿ ಕಟ್ಟಿ ನೆಲಕ್ಕಿಳಿಸಬೇಕು. ಎಲ್ಲಿಂದಲೋ ಕರೆಂಟ್ ವಾಪಸ್ ಬಂದರೂ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗಲಿ ಎಂದು ಆ ಸರಪಳಿ. ಆದರೆ ಸರಪಳಿ ಭಾರ, ಕಟ್ಟುವುದು ತಡ. ಅದು ಲಾರಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಅದರ ಬದಲು ಈ ಗ್ಯಾಂಗಿನಲ್ಲಿ ಬೇರೆ ಪದ್ಧತಿ ಬೆಳೆದಿತ್ತು. ಕರೆಂಟ್ ತೆಗೆಸಿ ಕಂಬದಣ್ಣ ಮೊದಲು ಹತ್ತುತ್ತಿದ್ದ. ಕೈಯ ಹಿಂಭಾಗದಿಂದ ತಂತಿಯನ್ನು ಸವರುತ್ತಿದ್ದ. "ಸತ್ತಿದೆ, ಹತ್ರೋ," ಎಂದು ಕೂಗಿ ಇಳಿಯುತ್ತಿದ್ದ. ಅಷ್ಟೇ. ಉಳಿದವರು ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದರು. ಕಂಬದಣ್ಣ ಮುಟ್ಟಿದ ಮೇಲೆ ಇನ್ನೊಮ್ಮೆ ನೋಡುವುದೆಂದರೆ ಅವನ ಮುಖಕ್ಕೆ ಹೊಡೆದ ಹಾಗೆ ಎಂದು ಎಲ್ಲರ ಲೆಕ್ಕ.

ಜೇನು ಎಂಬ ಮನುಷ್ಯ ಇದನ್ನು ನೋಡಿದ. ಡಿಪೋ ಗೇಟಿನ ಟೀ ಅಂಗಡಿಯಲ್ಲಿ ಕೂತು ನೋಡಿದ. ಮಾತು ಅಷ್ಟು ಸಿಹಿಯಾದ್ದರಿಂದ ಹುಡುಗರೇ ಆ ಹೆಸರಿಟ್ಟಿದ್ದರು. ಯಾರು ಏನು ಮಾಡುವ ಮೊದಲೂ ಯಾರ ಮುಖ ನೋಡುತ್ತಾರೆ ಎಂಬುದನ್ನು ಅವನು ಚೆನ್ನಾಗಿ ಗುರುತು ಹಾಕಿಕೊಂಡ. ಹಿಂಡಿನಲ್ಲಿ ಯಾವ ಕುರಿಯ ಹಿಂದೆ ಉಳಿದವು ನಡೆಯುತ್ತವೆ ಎಂಬುದು ಕಾಯುವವನಿಗಿಂತ ತೋಳಕ್ಕೆ ಚೆನ್ನಾಗಿ ಗೊತ್ತು.

ಕಂಬದಣ್ಣ ಜೇನಿನ ಸ್ಕೀಮಿಗೆ ಮೊದಲು ಸ್ವಲ್ಪ ಹಣ ಹಾಕಿದ. ತಿಂಗಳ ಮೊದಲ ದಿನವೇ ಹೊಸ ನೋಟುಗಳು ಕವರಿನಲ್ಲಿ ಬಂದವು. ಮತ್ತೆ ಬಂದವು. ಮನೆಗೆ ಫ್ರಿಜ್ಜು ಬಂತು. ಅತ್ತಿಗೆ ಬೀದಿಗೆಲ್ಲ ಐಸು ಹಂಚಿದಳು. ಕಂಬದಣ್ಣ ಮುಟ್ಟಿದಾನೆ, ಏನೂ ಆಗಿಲ್ಲ ಎಂದು ಗ್ಯಾಂಗು ಹತ್ತಿತು. ಲಾರಿ ಡ್ರೈವರ್ ಸ್ವಂತ ವ್ಯಾನು ಮಾರಿ ಹಾಕಿದ. ಸ್ಟೋರ್ ನೋಡಿಕೊಳ್ಳುವ ಮುದುಕ ನಿವೃತ್ತಿಗೆಂದು ಕೂಡಿಟ್ಟ ಹಣ ಹಾಕಿದ. ಜೇನು ಮಾತ್ರ ಯಾರ ಕೈಯಿಂದಲೂ ನೇರವಾಗಿ ಹಣ ಮುಟ್ಟಲಿಲ್ಲ. "ನೀವೇ ಒಟ್ಟು ಮಾಡಿ ಕೊಡಿ ಅಣ್ಣ. ನಿಮ್ಮ ಹುಡುಗ್ರು. ರಸೀದಿಗೂ ನಿಮ್ಮ ಸಹಿನೇ ಇರ್ಲಿ, ಅವರಿಗೂ ಧೈರ್ಯ," ಎಂದಿದ್ದ. ಕಂಬದಣ್ಣನಿಗೆ ಅದು ದೊಡ್ಡ ಗೌರವವಾಗಿ ಕಂಡಿತು.

ಅಣ್ಣ ಅತ್ತಿಗೆ ಹೋದ ಮೇಲೆ, ಆ ಮಧ್ಯಾಹ್ನ ತಂಗಿ ಬ್ಯಾಂಕಿಗೆ ಹೋದಳು. ಕೌಂಟರಿನಲ್ಲಿ ಅದೇ ಬೀದಿಯ ಹೆಂಗಸು. ಬೀದಿಗೆಲ್ಲ ಅವಳು ಬ್ಯಾಂಕಿನಕ್ಕ. ಬಾಯಿ ಸ್ವಲ್ಪ ಜೋರು.

ಬ್ಯಾಂಕಿನಕ್ಕ ಚೀಟಿ ನೋಡಿ ಹುಬ್ಬೇರಿಸಿದಳು. "ಇಷ್ಟೂ ನಗದಾ? ಏನು, ಮನೆ ಕೊಳ್ತಿದೀಯಾ?"

"ಇಲ್ಲ ಅಕ್ಕ. ಒಂದು ಸ್ಕೀಮಿಗೆ."

ಬ್ಯಾಂಕಿನಕ್ಕ ಚೀಟಿಯನ್ನು ವಾಪಸ್ ತಳ್ಳಿದಳು. "ಊಟಕ್ಕೆ ಏಳ್ತೀನಿ ಈಗ. ಹಿಂದಿನ ಬಾಗಿಲ ಹತ್ರ ಬಾ."

ಹಿಂದೆ ಮುರಿದ ಕುರ್ಚಿಗಳನ್ನು ಒಟ್ಟಿದ್ದ ಜಾಗ. ಬ್ಯಾಂಕಿನಕ್ಕ ಡಬ್ಬಿ ಬಿಚ್ಚಲಿಲ್ಲ.

"ತಿಂಗಳಿಗೆ ಎಷ್ಟು ಕೊಡ್ತಾನಂತೆ?"

"ನೂರಕ್ಕೆ ಎಂಟು."

"ಅಷ್ಟನ್ನ ವರ್ಷಕ್ಕೆ ಕೊಡೋಕೆ ನಾವು ಹೆಣಗ್ತೀವಿ. ಅವನೇನು ದುಡ್ಡಿಗೆ ಗೊಬ್ಬರ ಹಾಕ್ತಾನಾ? ಯಾವ ವ್ಯಾಪಾರ?"

"ಹೊರದೇಶದ ಚಿನ್ನವಂತೆ. ಕಂಪ್ಯೂಟರೇ ಕೊಂಡು ಕಂಪ್ಯೂಟರೇ ಮಾರುತ್ತಂತೆ. ನಮಗೆಲ್ಲ ಅರ್ಥ ಆಗಲ್ಲ ಅಂದ."

"ಅರ್ಥ ಆಗಬಾರದು ಅಂತಾನೇ ಹಾಗೆ ಹೇಳೋದು."

"ಆದ್ರೆ ಅಕ್ಕ, ಅಣ್ಣನಿಗೆ ನಿಜವಾಗ್ಲೂ ಬಂದಿದೆ. ಫ್ರಿಜ್ಜು ನಾನೇ ಕಣ್ಣಾರೆ ನೋಡಿದೀನಿ. ಆಮೇಲೆ ಲಾರಿ ಡ್ರೈವರೂ ಹಾಕ್ದ, ಸ್ಟೋರಿನ ಮುದುಕಪ್ಪನೂ ಹಾಕ್ದ."

"ಬಂದಿಲ್ಲ ಅಂತ ಯಾರಂದ್ರು? ಗಾಳಕ್ಕೆ ಹುಳ ಸಿಕ್ಕಿಸದೆ ಯಾವನು ಮೀನು ಹಿಡೀತಾನೆ? ಡ್ರೈವರ್ ಕೊಟ್ಟಿದ್ರಲ್ಲಿ ಚೂರು ಮುರಿದು ನಿನ್ನಣ್ಣನಿಗೆ ಬಡ್ಡಿ ಅಂತ ಕೊಟ್ಟ. ಸ್ಟೋರಿನ ಮುದುಕಪ್ಪ ಕೊಟ್ಟಿದ್ರಲ್ಲಿ ಮುರಿದು ಡ್ರೈವರ್‌ಗೆ ಕೊಟ್ಟ. ಚಿನ್ನನೂ ಇಲ್ಲ, ಮಣ್ಣೂ ಇಲ್ಲ. ಹೊಸಬರು ಬರ್ತಾ ಇರೋವರೆಗೆ ಹಳಬರಿಗೆ ಸುಗ್ಗಿ."

"ಹೊಸಬರು ಬರದಿದ್ರೆ?"

"ಅದಕ್ಕೇ ಈಗ ನೀನು ಬೇಕಾಗಿರೋದು."

ತಂಗಿ ಮುರಿದ ಕುರ್ಚಿಯೊಂದರ ಅಂಚಿಗೆ ಕೂತಳು.

"ಈ ತಿಂಗಳು ನಿನ್ನಣ್ಣನಿಗೆ ಬಂತಾ?" ಬ್ಯಾಂಕಿನಕ್ಕ ಕೇಳಿದಳು.

"ತಡ ಆಗಿದೆ. ಆಫೀಸಲ್ಲಿ ಸಾಫ್ಟ್‌ವೇರ್ ಬದಲಾಯಿಸ್ತಿದಾರಂತೆ. ತೆಗೀದೆ ಅಲ್ಲೇ ಬಿಟ್ಟವರಿಗೆ ಇನ್ನೂ ಎರಡು ಜಾಸ್ತಿ ಅಂತ ಹೇಳಿದಾನೆ. ಅದಕ್ಕೇ ಯಾರೂ ತೆಗೀತಿಲ್ಲ."

"ನೋಡಿದ್ಯಾ, ಕೊಡೋಕೆ ಕಾಸಿಲ್ಲ, ಅದನ್ನೂ ಬಹುಮಾನದ ಹಾಗೆ ತೋರಿಸ್ತಾನೆ."

"ಸರ್ಕಾರದಲ್ಲಿ ರಿಜಿಸ್ಟರ್ ಆದ ಕಂಪನಿ ಅಕ್ಕ. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದಾನೆ."

"ಪೆಟ್ಟಿಗೆ ಅಂಗಡಿಗೂ ರಿಜಿಸ್ಟರ್ ಮಾಡಿಸ್ತಾರೆ ಕಣೇ. ಜನರ ಹತ್ರ ಠೇವಣಿ ಎತ್ತೋಕೆ ಬೇರೇನೇ ಪರವಾನಗಿ ಬೇಕು. ಯಾರ ಹತ್ರ ಅದಿದೆ ಅಂತ ಸರ್ಕಾರದ ನಿಯಂತ್ರಣ ಸಂಸ್ಥೆಯವರು ಪಟ್ಟಿ ಇಟ್ಟಿರ್ತಾರೆ. ನಾವು ನೋಡಬೇಕಾದ್ದು ಅಲ್ಲಿ, ಅವನ ಗೋಡೆ ಮೇಲಲ್ಲ." ಬ್ಯಾಂಕಿನಕ್ಕ ಅಲ್ಲೇ ಫೋನು ತೆಗೆದು ಕಂಪನಿಯ ಹೆಸರು ಕೇಳಿ ಹುಡುಕಿದಳು. ತಂಗಿಯ ಮುಂದೆ ಹಿಡಿದಳು. ಆ ಹೆಸರು ಪಟ್ಟಿಯಲ್ಲಿರಲಿಲ್ಲ.

"ರಸೀದಿಗೆಲ್ಲ ಸಹಿ ಯಾರದು?"

"ಅಣ್ಣಂದು."

ಬ್ಯಾಂಕಿನಕ್ಕ ಫೋನು ಒಳಗಿಟ್ಟು ದನಿ ತಗ್ಗಿಸಿದಳು. ಜೋರು ಬಾಯಿಯವಳು ಮೆಲ್ಲಗೆ ಮಾತಾಡಿದಾಗ ಹೆದರಿಕೆ ಜಾಸ್ತಿ.

"ಹಾಗಾದ್ರೆ ಅವನು ಓಡಿಹೋದ ದಿನ ಜನ ಹುಡುಕೋದು ನಿನ್ನಣ್ಣನ್ನ. ಇಂಥವರು ಯಾಕೆ ಸಿಗಲ್ಲ ಗೊತ್ತಾ? ನಗದು ತಗೊಂಡ್ರೆ ಜಾಡು ಇರಲ್ಲ. ಸಹಿ ಬೇರೆಯವರದು. ಕೊನೇಗೆ, ಮೋಸ ಹೋದವರೇ ಅವನಿಗೆ ಕಾವಲು ನಿಲ್ತಾರೆ."

"ಮೋಸ ಹೋದವರೇ? ಯಾಕೆ?"

"ನೀನೇ ನೋಡ್ತೀಯ. ಅವನನ್ನ ಒಂದೇ ಒಂದು ಕೇಳು. ಬಡ್ಡಿ ಬೇಡ, ನಿನ್ನಣ್ಣ ಹಾಕಿದ ಅಸಲು ವಾಪಸ್ ಕೇಳು. ಪೂರ್ತಿ. ಒಂದು ಚೂರು ಕೊಟ್ಟು ಕಣ್ಣೊರೆಸಿದ್ರೆ ನಂಬಬೇಡ. ನಾಳೆ ನಾನೂ ರಜ ಹಾಕಿ ಬರ್ತೀನಿ."

ಸಂಜೆ ದೀಪ ಹಾಕುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಲಾರಿ ಡ್ರೈವರ್, ಅವನ ಹಿಂದೆ ಸ್ಟೋರಿನ ಮುದುಕ. ಗಂಡನ ಶವವನ್ನು ಹೆಗಲ ಮೇಲೆ ಹೊತ್ತು ತಂದವರು ಇವರೇ. ಇವತ್ತು ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅಕ್ಕ, ಬ್ಯಾಂಕಲ್ಲಿ ಕ್ಯೂನಲ್ಲಿ ನಾನೂ ಇದ್ದೆ," ಡ್ರೈವರ್ ಹೇಳಿದ. "ಆ ಬಾಯಿಬಡುಕಿ ಜೊತೆ ಹಿಂದೆ ಹೋಗಿ ಏನು ಮಾತಾಡಿದ್ರಿ?"

"ನನ್ನ ದುಡ್ಡಿನ ವಿಷಯ."

"ನಿಮ್ಮ ದುಡ್ಡು ನೀವು ಹಾಕಿ, ಇಲ್ಲಾ ಬಿಡಿ. ಕಂಪ್ಲೇಂಟು ಗಿಂಪ್ಲೇಂಟು ಅಂತ ಹೋಗ್ಬೇಡಿ. ಒಬ್ಬರು ದೂರು ಕೊಟ್ರೂ ಆಫೀಸಿಗೆ ಬೀಗ ಬೀಳುತ್ತೆ, ಎಲ್ಲರ ದುಡ್ಡೂ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಜೇನು ಸಾರ್ ಹೇಳಿದಾರೆ. ನನ್ನ ವ್ಯಾನು ಹೋಗಿದೆ ಅಕ್ಕ."

"ಬೆದರಿಸೋಕೆ ಬಂದಿದೀರಾ?"

"ಬೆದರಿಕೆ ಅಲ್ಲಮ್ಮ," ಎಂದ ಮುದುಕ. "ಕೇಳ್ಕೊಳ್ತಿದೀವಿ." ಅವನ ಕಣ್ಣು ಒದ್ದೆಯಾಗಿತ್ತು. ಅದಕ್ಕೇ ಅವಳಿಗೆ ಇನ್ನೂ ಭಯವಾಯಿತು. ಅಳುತ್ತಾ ಕೇಳುವವನು ನಾಳೆ ಏನು ಮಾಡುತ್ತಾನೋ ಹೇಳಲಾಗುವುದಿಲ್ಲ.

ಅವರು ಹೋದ ಬೆನ್ನಿಗೇ ಫೋನು ಬಂತು.

"ಅಕ್ಕ, ನಾನು. ಏನೋ ಗಾಬರಿಯಾಗಿದೀರಂತೆ. ನಿಮ್ಮ ತಮ್ಮ ಅಂದ್ಕೊಳ್ಳಿ ನನ್ನ." ಜೇನಿನ ದನಿ. ಹಿಂದೆ ಯಾವ ಸದ್ದೂ ಇಲ್ಲ. "ಮಗಳು ಟ್ಯೂಷನ್ನಿಂದ ಬಂದ್ಲಾ? ನೀರಿನ ಟ್ಯಾಂಕ್ ಪಕ್ಕದ ದಾರೀಲಿ ದೀಪ ಇಲ್ಲ. ಒಬ್ಬಳನ್ನೇ ಕಳಿಸ್ಬೇಡಿ ಅಕ್ಕ. ಕಾಲ ಕೆಟ್ಟಿದೆ."

ಮಗಳು ಟ್ಯೂಷನ್ನಿಗೆ ಹೋಗುವುದಾಗಲಿ, ಆ ದಾರಿಯಾಗಲಿ ಅವಳು ಅವನಿಗೆ ಹೇಳಿರಲಿಲ್ಲ. ಮಗಳು ಒಳಗೆ ಬರುವವರೆಗೆ ತಂಗಿ ಬೀದಿಯಲ್ಲೇ ನಿಂತಿದ್ದಳು. ಬಂದ ಮೇಲೆ ಕಿಟಕಿಯ ಚಿಲಕವನ್ನೂ ಹಾಕಿದಳು.

ಮಾರನೆಯ ದಿನ ಮಧ್ಯಾಹ್ನ ಜೇನು ಬಂದ. ಇಸ್ತ್ರಿಯ ಅಂಗಿ, ಮೆತ್ತನೆಯ ನಡಿಗೆ. ಹಿಂದೆ ಅಣ್ಣ, ಅತ್ತಿಗೆ. ಬ್ಯಾಂಕಿನಕ್ಕ ಆಗಲೇ ಮೂಲೆಯ ಸ್ಟೂಲಿನ ಮೇಲೆ ಬಟ್ಟೆ ಅಳತೆಗೆ ಬಂದವಳ ಹಾಗೆ ಕೂತಿದ್ದಳು. ಅತ್ತಿಗೆ ಅವಳನ್ನು ಮೇಲಿಂದ ಕೆಳಗೆ ನೋಡಿ ಮುಖ ಸಿಂಡರಿಸಿದಳು. ತಂಗಿ ಎಲ್ಲರಿಗೂ ಟೀ ಕೊಟ್ಟಳು.

"ಏನು ನಾಜೂಕು ಹೊಲಿಗೆ ಅಕ್ಕ ನಿಮ್ಮದು," ಎಂದ ಜೇನು, ಒಂದು ಅಂಗಿಯ ಕಾಲರು ಸವರುತ್ತ. "ಇನ್ನು ಮೇಲೆ ಇದನ್ನ ಹೊಟ್ಟೆಪಾಡಿಗೆ ಮಾಡೋದು ಬೇಡ, ಹೊತ್ತು ಕಳೆಯೋಕೆ ಮಾಡಿ. ದುಡ್ಡು ರೆಡಿ ಇದೆಯಾ?"

"ಬ್ಯಾಂಕಲ್ಲಿದೆ. ಕೊಡ್ತೀನಿ. ಮೊದಲು ಅಣ್ಣನ ಅಸಲು ತಂದು ಈ ಹಲಗೆ ಮೇಲಿಡಿ. ಒಂದು ದಿನ ನಮ್ಮ ಕಣ್ಣ ಮುಂದೆ ಇರ್ಲಿ. ನಾಳೆ ಅವನದೂ ನಂದೂ ಸೇರಿಸಿ ತಗೊಂಡು ಹೋಗಿ."

ಜೇನು ನಕ್ಕ. "ಅಕ್ಕ ತಮಾಷೆ ಮಾಡ್ತಾರೆ. ಬೆಳೀತಿರೋ ಪೈರನ್ನ ಕಿತ್ತು ಬೇರು ನೋಡ್ತಾರಾ?" ಫೋನು ತೆಗೆದು ಅಣ್ಣನ ಕಡೆ ತಿರುಗಿಸಿದ. "ನೋಡಿ ಅಣ್ಣ, ನಿಮ್ಮ ಖಾತೆ. ನಿನ್ನೆಗಿಂತ ಇವತ್ತು ಜಾಸ್ತಿ ಆಗಿದೆ."

"ಆ ಗಾಜಿನ ಮೇಲಿರೋದನ್ನ ಕೊಟ್ರೆ ಅಂಗಡಿಯವನು ಅಕ್ಕಿ ಕೊಡ್ತಾನಾ?" ಎಂದಳು ತಂಗಿ.

ಅಣ್ಣ ಎದ್ದು ನಿಂತ. ಹಣೆಯ ನರ ಉಬ್ಬಿತ್ತು. "ಹೊರಗಿನವರ ಮುಂದೆ ನನ್ನ ಮರ್ಯಾದೆ ತೆಗೀತಿದೀಯಲ್ಲ. ನಾನು ನೋಡಿದೀನಿ ಅಂದ್ಮೇಲೆ ಮುಗೀತು. ನಾನು ಹಾಕಿದೀನಿ, ನನಗೆ ಬಂದಿದೆ. ಇನ್ನೇನು ಬೇಕು ನಿನಗೆ?"

ತಂಗಿಯ ನಾಲಿಗೆ ತುದಿಗೆ ಬಂದದ್ದು ಒಂದು ವರ್ಷದಿಂದ ನುಂಗಿಕೊಂಡಿದ್ದ ಮಾತು. ಹೇಳಿದರೆ ಅಣ್ಣ ಹೋಗುತ್ತಾನೆ, ಹೇಳದಿದ್ದರೆ ಎಲ್ಲವೂ ಹೋಗುತ್ತದೆ.

"ಅವತ್ತೂ ನೀನು ಮುಟ್ಟಿ ನೋಡಿದ್ದೆ ಅಣ್ಣ."

ಅವಳು ಅವನ ಕಡೆ ಒಂದು ಹೆಜ್ಜೆ ಮುಂದೆ ಬಂದಳು.

"ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ ನಾನು. ನೀನು ಮುಟ್ಟಿದಾಗ ತಂತಿ ಸತ್ತೇ ಇತ್ತು. ನೀನು ಇಳಿದೆ, ಅವರು ಹತ್ತಿದ್ರು. ಅಷ್ಟರಲ್ಲಿ ಗಿರಣಿಯವನು ಜನರೇಟರ್ ಹಾಕ್ದ. ಕರೆಂಟ್ ಹಿಂದಿನಿಂದ ಬಂತು. ನೀನು ಮುಟ್ಟಿದ್ದೆ ಅಂತ ಅವರು ಸರಪಳಿ ಕಟ್ಟಲಿಲ್ಲ. ಇವತ್ತೂ ಅಷ್ಟೇ. ನಿನಗೆ ಬಂದಾಗ ಬಂದಿದ್ದು ನಿಜ ಅಣ್ಣ. ನಾನು ಹತ್ತೋ ಹೊತ್ತಿಗೆ ಏನಿರುತ್ತೆ ಅಂತ ನೀನು ಹೇಗೆ ಹೇಳ್ತೀಯ?"

ಕಂಬದಣ್ಣ ನಿಂತಲ್ಲೇ ಕುಸಿದ ಹಾಗೆ ಕೂತ. ತನ್ನ ಬಲಗೈ ಬೇರೆ ಯಾರದೋ ಎಂಬಂತೆ ಅದನ್ನೇ ನೋಡುತ್ತಿದ್ದ. ಅತ್ತಿಗೆ ಅವನ ಭುಜ ಮುಟ್ಟಲು ಹೋಗಿ ನಿಂತಳು. ಆಮೇಲೆ ಅವನು ತಲೆಯೆತ್ತಿ, ಎಷ್ಟೋ ದಿನಗಳ ಮೇಲೆ, ತಂಗಿಯ ಮುಖ ನೋಡಿದ. ಕೊನೆಗೆ ಜೇನಿನ ಕಡೆ ತಿರುಗಿದ.

"ನನ್ನ ಅಸಲು ಕೊಡಿ ಸಾರ್."

"ಅಣ್ಣ, ನೀವೇ ಹೀಗಂದ್ರೆ ಹೇಗೆ?"

"ನನ್ನದು ಬೇಡ ಹಾಗಾದ್ರೆ. ಡ್ರೈವರ್‌ದು ಕೊಡಿ. ಮುದುಕಪ್ಪಂದು ಕೊಡಿ. ನನ್ನ ಮುಖ ನೋಡಿ ಹಾಕಿದವರು ಅವರು."

ಜೇನಿನ ಮುಖದ ನಗು ಕದಲಲಿಲ್ಲ. ಕಣ್ಣು ಮಾತ್ರ ಬದಲಾಯಿತು. "ರಸೀದಿಗಳ ಮೇಲೆ ನನ್ನ ಹೆಸರು ಎಲ್ಲೂ ಇಲ್ಲ ಅಣ್ಣ. ಎಲ್ಲ ನಿಮ್ಮ ಸಹಿ. ನಾಳೆ ಗಲಾಟೆ ಆದ್ರೆ ಪೊಲೀಸರು ಮೊದಲು ಯಾರ ಮನೆಗೆ ಬರ್ತಾರೆ, ಸ್ವಲ್ಪ ಯೋಚನೆ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳೋದು."

"ಏನಂದ್ರಿ?" ಅತ್ತಿಗೆ ಮುಂದೆ ಬಂದಳು. "ಇನ್ನೊಂದ್ಸಲ ಹೇಳಿ ಅದನ್ನ. ನಮ್ಮನೇಲಿ ಉಂಡು, ನಮ್ಮ ಫ್ರಿಜ್ಜಿನ ನೀರು ಕುಡಿದು, ನನ್ನ ಗಂಡನ್ನ ಜೈಲಿಗೆ ಕಳಿಸ್ತೀಯಾ ನೀನು?"

ಬ್ಯಾಂಕಿನಕ್ಕ ಅಳತೆಯ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಠೇವಣಿ ತಗೊಳ್ಳೋಕೆ ನಿಮ್ಮ ಪರವಾನಗಿ ನಂಬರ್ ಹೇಳಿ ಸಾರ್. ನಾನು ಬ್ಯಾಂಕಲ್ಲಿ ಕೆಲಸ ಮಾಡೋಳು. ಈಗ್ಲೇ ನೋಡಿಬಿಡೋಣ."

ಜೇನು ಒಬ್ಬೊಬ್ಬರನ್ನೇ ನೋಡಿದ. ನಿಧಾನವಾಗಿ ಎದ್ದು ಅಂಗಿಯ ಸುಕ್ಕು ಸರಿಮಾಡಿಕೊಂಡ. "ಅದಕ್ಕೇನಂತೆ. ಕಾಗದ, ಚೆಕ್ ಪುಸ್ತಕ ಎಲ್ಲ ಕಾರಲ್ಲಿದೆ. ಈಗ ತಂದುಬಿಡ್ತೀನಿ. ಟೀ ಆರಿಸ್ಬೇಡಿ ಅಕ್ಕ, ಬಂದು ಕುಡೀತೀನಿ," ಎಂದು ಹೊರಗೆ ಹೋದ.

ಕಾದರು. ಟೀ ಮೇಲೆ ಕೆನೆ ಕಟ್ಟಿತು. "ಬರ್ತಾನೆ," ಎಂದ ಅಣ್ಣ. ಸ್ವಲ್ಪ ಹೊತ್ತಿಗೆ ಮತ್ತೆ "ಬರ್ತಾನೆ" ಎಂದ, ಈ ಸಲ ಬೇಡಿಕೊಳ್ಳುವ ದನಿಯಲ್ಲಿ. ಅತ್ತಿಗೆ ಬೀದಿಯ ತುದಿಯವರೆಗೆ ಹೋಗಿ ಬಂದಳು. ಕಾರಿರಲಿಲ್ಲ. ಫೋನು ಮಾಡಿದರೆ ಸ್ವಿಚ್ ಆಫ್. ಆಫೀಸಿಗೆ ಓಡಿದರೆ ಗೋಡೆಯ ಮೇಲೆ ಸರ್ಟಿಫಿಕೇಟ್ ಇತ್ತು, ಒಳಗೆ ಮನುಷ್ಯರಿರಲಿಲ್ಲ.

ಆಗ ಕಂಬದಣ್ಣನಿಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಯಾರಿಗೂ ಹೇಳುವುದು ಬೇಡ, ಸದ್ಯಕ್ಕೆ ಮುಚ್ಚಿಡೋಣ ಎಂದು. ಇಂಥವರು ಬದುಕುವುದೇ ಈ ಯೋಚನೆಯ ಮೇಲೆ. ಬ್ಯಾಂಕಿನಕ್ಕ ಬಿಡಲಿಲ್ಲ. "ಮುಚ್ಚಿಟ್ಟ ಒಂದೊಂದು ದಿನವೂ ಅವನಿಗೆ ಒಂದೊಂದು ಊರು ದೂರ. ಮೊದಲು ನೀವೇ ಹೋಗಿ ಹೇಳಿದ್ರೆ ನೀವು ಮೋಸ ಹೋದವರು. ಬೇರೆಯವರು ಹೋಗಿ ಹೇಳಿದ್ರೆ ನೀವೇ ಮೋಸಗಾರರು. ಏಳಿ," ಎಂದಳು. ಅವತ್ತೇ ಸಂಜೆ ರಸೀದಿಗಳನ್ನೆಲ್ಲ ತೆಗೆದುಕೊಂಡು ಠಾಣೆಗೆ ಹೋದರು. ಕಂಬದಣ್ಣ ಆಮೇಲೆ ಗ್ಯಾಂಗಿನ ಮನೆಮನೆಗೂ ಹೋದ. ಡ್ರೈವರ್ ಅವನ ಕೊರಳಪಟ್ಟಿ ಹಿಡಿದ. ಮುದುಕ ಬಾಗಿಲನ್ನೇ ತೆರೆಯಲಿಲ್ಲ. ಕೆಲವು ದಿನ ಕಳೆದ ಮೇಲೆ ಅವರೂ ಬಂದು ದೂರಿಗೆ ಸಹಿ ಹಾಕಿದರು. ಯಾವುದೋ ಖಾತೆಯಲ್ಲಿ ಉಳಿದಿದ್ದ ಸ್ವಲ್ಪ ಹಣವನ್ನು ಪೊಲೀಸರು ತಡೆಹಿಡಿದಿದ್ದಾರೆ. ಅಷ್ಟೇ ಸಿಕ್ಕಿದ್ದು. ವ್ಯಾನು ಹೋಯಿತು, ನಿವೃತ್ತಿಯ ಹಣ ಹೋಯಿತು. ಕಂಬದಣ್ಣ ವಿಚಾರಣೆಗೆ ಕರೆದಾಗಲೆಲ್ಲ ಈಗಲೂ ಹೋಗಿ ಕೂರುತ್ತಾನೆ. ತಂಗಿಯ ಹಣ ಮಾತ್ರ ಬ್ಯಾಂಕಿನಲ್ಲಿದೆ. ಅವಳು ಮೆಷೀನು ತುಳಿಯುತ್ತಿದ್ದಾಳೆ, ಮಗಳು ಓದುತ್ತಿದ್ದಾಳೆ.

ಓದುವವರೇ, ಕೇಳುವವರೇ, ನಿಮಗೆ ಸಿಟ್ಟು ಬಂದರೂ ಸರಿ, ಹೇಳಿಬಿಡುತ್ತೇನೆ. ನಾವು ದಡ್ಡರೆಂದು ಮೋಸ ಹೋಗುವುದಿಲ್ಲ. ನಮ್ಮವರನ್ನು ನಂಬುತ್ತೇವೆಂದು ಮೋಸ ಹೋಗುತ್ತೇವೆ. ನಿಮ್ಮಣ್ಣನಿಗೆ ಲಾಭ ಬಂದಿದ್ದರೆ ಅದು ಅಣ್ಣನಿಗೆ ಬಂದದ್ದಕ್ಕೆ ಸಾಕ್ಷಿ, ನಿಮಗೆ ಬರುತ್ತದೆ ಎನ್ನುವುದಕ್ಕಲ್ಲ. ಬ್ಯಾಂಕು ವರ್ಷಕ್ಕೆ ಕೊಡುವುದನ್ನು ಒಬ್ಬ ತಿಂಗಳಿಗೆ ಕೊಡುತ್ತೇನೆಂದರೆ, ಅದು ಯಾರ ಜೇಬಿನಿಂದ ಬರುತ್ತದೆ ಎಂದು ಬಾಯಿಬಿಟ್ಟು ಕೇಳಿ. ಪರವಾನಗಿ ಇದೆಯೇ ಎಂದು ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿ ನೀವೇ ನೋಡಿ, ನೋಡಲು ಬಾರದಿದ್ದರೆ ಬ್ಯಾಂಕಿಗೆ ಹೋಗಿ ನೋಡಿಸಿ. ನಗದೇ ಬೇಕು, ಇವತ್ತೇ ಬೇಕು, ಯಾರಿಗೂ ಹೇಳಬೇಡಿ ಎನ್ನುವವನಿಗೆ ಟೀ ಕೂಡ ಕೊಡಬೇಡಿ. ಬೇರೆಯವರ ಹಣಕ್ಕೆ ನಿಮ್ಮ ಸಹಿ ಹಾಕಬೇಡಿ. ಆಗಲೇ ಹಾಕಿಬಿಟ್ಟಿದ್ದೀರಾ? ಹಣ ಹೋಗಿದೆಯೇ? ನಾಚಿಕೆಪಟ್ಟು ಮನೆಯಲ್ಲಿ ಕೂರಬೇಡಿ. ನಾಚಬೇಕಾದವನು ಅವನು. ಇವತ್ತೇ ಠಾಣೆಗೆ ಹೋಗಿ, ಜೊತೆಗೆ ಹಾಕಿದವರನ್ನೂ ಕರೆದುಕೊಂಡು ಹೋಗಿ. ನೀವು ಬಾಯಿ ಮುಚ್ಚಿಕೊಂಡಷ್ಟು ದಿನ ಅವನು ಇನ್ನೊಂದು ಬಾಗಿಲು ತಟ್ಟುತ್ತಾನೆ.

ಏಕೆಂದರೆ ಜೇನು ಇನ್ನೂ ಸಿಕ್ಕಿಲ್ಲ. ಕಾರಿನಿಂದ ಕಾಗದ ತರುತ್ತೇನೆಂದು ಆ ಮನೆಯ ಹೊಸಿಲು ದಾಟಿದವನು ಹಿಂತಿರುಗಿ ಬರಲಿಲ್ಲ. ಇವತ್ತು ಯಾವ ಹೆಸರಿನಲ್ಲಿ, ಯಾರ ಮನೆಯಲ್ಲಿ ಕೂತಿದ್ದಾನೋ ಯಾರಿಗೂ ಗೊತ್ತಿಲ್ಲ. ನಿಮ್ಮದಲ್ಲ ತಾನೆ?